ಉತ್ಪಾದನಾ ಯೋಜನೆ ಮತ್ತು ವೇಳಾಪಟ್ಟಿ ತಂತ್ರಾಂಶ

ಉತ್ಪಾದನಾ ಯೋಜನೆ ಮತ್ತು ವೇಳಾಪಟ್ಟಿ ತಂತ್ರಾಂಶವು ತಯಾರಿಕಾ ಸಂಸ್ಥೆಯೊಂದು ಯಾವ ವಸ್ತುವನ್ನು, ಎಷ್ಟು ಪ್ರಮಾಣದಲ್ಲಿ, ಯಾವ ಯಂತ್ರದಲ್ಲಿ, ಯಾವ ಹೊತ್ತಿಗೆ ತಯಾರಿಸಬೇಕು ಎಂಬುದನ್ನು ನಿರ್ಧರಿಸಲು ನೆರವಾಗುವ ಗಣಕ ತಂತ್ರಾಂಶವಾಗಿದೆ. ಗ್ರಾಹಕರ ಬೇಡಿಕೆ, ಕೈಯಲ್ಲಿರುವ ದಾಸ್ತಾನು, ಕಚ್ಚಾವಸ್ತುಗಳ ಪೂರೈಕೆಗೆ ಹಿಡಿಯುವ ಕಾಲ, ಯಂತ್ರಗಳ ಸಾಮರ್ಥ್ಯ ಮತ್ತು ಕಾರ್ಮಿಕರ ಲಭ್ಯತೆ ಇದರ ಮುಖ್ಯ ಆಧಾರಗಳು. ಕಚ್ಚಾವಸ್ತುಗಳ ಖರೀದಿ ಪಟ್ಟಿ, ಪ್ರತಿ ವಿಭಾಗದ ಕೆಲಸದ ಸರದಿ ಮತ್ತು ಗ್ರಾಹಕನಿಗೆ ತಿಳಿಸಬಹುದಾದ ಪೂರೈಕೆ ದಿನಾಂಕ ಇದರ ಮುಖ್ಯ ಫಲಿತಾಂಶಗಳು.

ಇಂತಹ ತಂತ್ರಾಂಶಗಳನ್ನು ಎರಡು ಪ್ರಶ್ನೆಗಳ ಆಧಾರದ ಮೇಲೆ ಅಳೆಯಲಾಗುತ್ತದೆ. ಯಂತ್ರಗಳ ನೈಜ ಸಾಮರ್ಥ್ಯವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೇ ಎಂಬುದು ಮೊದಲನೆಯದು. ಅದಕ್ಕೆ ಒದಗಿಸಿದ ಮಾಹಿತಿ ಕಾರ್ಖಾನೆಯ ವಾಸ್ತವಕ್ಕೆ ಹೊಂದುತ್ತದೆಯೇ ಎಂಬುದು ಎರಡನೆಯದು. ಇವೆರಡರಲ್ಲಿ ಒಂದು ತಪ್ಪಿದರೂ ಗಣಕವು ನೀಡುವ ದಿನಾಂಕವನ್ನು ಕಾರ್ಖಾನೆ ಉಳಿಸಿಕೊಳ್ಳಲಾರದು.

ಯೋಜನೆ ಮತ್ತು ವೇಳಾಪಟ್ಟಿಯ ವ್ಯತ್ಯಾಸ

ಸಾಮಾನ್ಯ ಮಾತಿನಲ್ಲಿ ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸಿದರೂ ಕೈಗಾರಿಕಾ ಎಂಜಿನಿಯರಿಂಗ್‌ನಲ್ಲಿ ಅವು ಬೇರೆ ಬೇರೆ. ಯೋಜನೆಯು ವಾರ, ತಿಂಗಳು ಅಥವಾ ವರ್ಷದ ಅವಧಿಗೆ ಸಂಬಂಧಿಸಿದ್ದು, ಎಷ್ಟು ತಯಾರಿಸಬೇಕು, ಎಷ್ಟು ಕಚ್ಚಾವಸ್ತು ತರಿಸಬೇಕು, ಹೆಚ್ಚುವರಿ ಪಾಳಿ ಬೇಕೇ ಎಂಬಂತಹ ಪ್ರಶ್ನೆಗಳಿಗೆ ಉತ್ತರಿಸುತ್ತದೆ. ವೇಳಾಪಟ್ಟಿಯು ಗಂಟೆ ಮತ್ತು ದಿನಗಳ ಅವಧಿಗೆ ಸಂಬಂಧಿಸಿದ್ದು, ನಿರ್ದಿಷ್ಟ ಕೆಲಸವು ನಿರ್ದಿಷ್ಟ ಯಂತ್ರದ ಮೇಲೆ ಯಾವಾಗ ಆರಂಭವಾಗಿ ಯಾವಾಗ ಮುಗಿಯಬೇಕು ಎಂಬುದನ್ನು ಹೇಳುತ್ತದೆ.

ಇತಿಹಾಸ

ಗಣಕಯಂತ್ರಗಳಿಗಿಂತ ಮೊದಲು ಈ ಕೆಲಸವನ್ನು ಮೇಲ್ವಿಚಾರಕರು ಕಾಗದ ಮತ್ತು ಗೋಡೆಯ ಫಲಕಗಳ ಮೇಲೆ ಮಾಡುತ್ತಿದ್ದರು. ಪೋಲೆಂಡಿನ ಎಂಜಿನಿಯರ್ ಕರೋಲ್ ಆಡಮ್ಯೆಟ್ಸ್‌ಕಿ 1896ರಲ್ಲಿ ಕೆಲಸಗಳನ್ನು ಕಾಲಕ್ಕೆ ಹೊಂದಿಸಿ ತೋರಿಸುವ ನಕ್ಷೆಯೊಂದನ್ನು ರೂಪಿಸಿದರು. 1910ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಬಳಕೆಗೆ ತಂದ ಪಟ್ಟಿಗಳ ನಕ್ಷೆ ವ್ಯಾಪಕವಾಗಿ ಪ್ರಚಾರ ಪಡೆಯಿತು. ಇಂದಿನ ತಂತ್ರಾಂಶಗಳ ಪರದೆಯಲ್ಲಿಯೂ ವೇಳಾಪಟ್ಟಿಯು ಸಾಮಾನ್ಯವಾಗಿ ಗ್ಯಾಂಟ್ ನಕ್ಷೆಯ ರೂಪದಲ್ಲೇ ಕಾಣಿಸುತ್ತದೆ. ಒಮ್ಮೆಗೆ ಎಷ್ಟು ಪ್ರಮಾಣದಲ್ಲಿ ತಯಾರಿಸಿದರೆ ವೆಚ್ಚ ಕನಿಷ್ಠವಾಗುತ್ತದೆ ಎಂಬುದಕ್ಕೆ ಫೋರ್ಡ್ ಡಬ್ಲ್ಯೂ. ಹ್ಯಾರಿಸ್ 1913ರಲ್ಲಿ ಸೂತ್ರವೊಂದನ್ನು ನೀಡಿದರು.

ಗಣಿತದ ಅಡಿಪಾಯ ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಸಿದ್ಧವಾಯಿತು. ಸೋವಿಯತ್ ಗಣಿತಜ್ಞ ಲಿಯೊನಿಡ್ ಕ್ಯಾಂಟೊರೊವಿಚ್ ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಕೆಲಸ ಹಂಚುವ ಸಮಸ್ಯೆಯನ್ನು ಪರಿಶೀಲಿಸಿ, ಉತ್ಪಾದನೆಯ ಯೋಜನೆಗೆ ಗಣಿತವನ್ನು ಅನ್ವಯಿಸುವ ಕೃತಿಯನ್ನು 1939ರಲ್ಲಿ ಪ್ರಕಟಿಸಿದರು. ಇದಕ್ಕೆ ಸಂಬಂಧಿಸಿದ ಕೊಡುಗೆಗಾಗಿ 1975ರಲ್ಲಿ ಅವರಿಗೆ ತ್ಯಾಲಿಂಗ್ ಕೂಪ್‌ಮನ್ಸ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಲಭಿಸಿತು. ಅಮೆರಿಕದ ಜಾರ್ಜ್ ಡಾಂಟ್‌ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನವು ಇಂತಹ ಸಮಸ್ಯೆಗಳನ್ನು ಗಣಕದಲ್ಲಿ ಬಿಡಿಸಲು ದಾರಿ ತೆರೆಯಿತು.

1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ಜೋಸೆಫ್ ಆರ್ಲಿಕಿ ಮತ್ತಿತರರು ಸಾಮಗ್ರಿ ಅಗತ್ಯ ಯೋಜನೆಯನ್ನು, ಅಂದರೆ ಎಂಆರ್‌ಪಿ ಪದ್ಧತಿಯನ್ನು ಬೆಳೆಸಿದರು. ಈ ಕುರಿತು ಆರ್ಲಿಕಿ ಬರೆದ ಗ್ರಂಥ 1975ರಲ್ಲಿ ಪ್ರಕಟವಾಯಿತು. ಯಂತ್ರ ಸಾಮರ್ಥ್ಯ ಮತ್ತು ಹಣಕಾಸಿನ ಲೆಕ್ಕವನ್ನೂ ಇದಕ್ಕೆ ಸೇರಿಸಿದ ವಿಸ್ತೃತ ರೂಪ ಆಲಿವರ್ ವೈಟ್ ಅವರ ಪ್ರಯತ್ನದಿಂದ ಎಂಆರ್‌ಪಿ-2 ಎಂಬ ಹೆಸರಿನಲ್ಲಿ ಪ್ರಚಲಿತವಾಯಿತು. 1990ರಲ್ಲಿ ಗಾರ್ಟ್‌ನರ್ ಸಂಸ್ಥೆಯು ಇಆರ್‌ಪಿ, ಅಂದರೆ ಉದ್ಯಮ ಸಂಪನ್ಮೂಲ ಯೋಜನೆ, ಎಂಬ ಪದವನ್ನು ಬಳಕೆಗೆ ತಂದಿತು. ಜರ್ಮನಿಯಲ್ಲಿ ಐಬಿಎಂನ ಐವರು ಮಾಜಿ ನೌಕರರು 1972ರಲ್ಲಿ ಸ್ಥಾಪಿಸಿದ ಸ್ಯಾಪ್ ಸಂಸ್ಥೆಯ ಆರ್/3 ತಂತ್ರಾಂಶವು 1992ರಲ್ಲಿ ಬಿಡುಗಡೆಯಾಗಿ ಈ ವರ್ಗದ ಪ್ರಮುಖ ತಂತ್ರಾಂಶವಾಯಿತು. ಅದೇ ದಶಕದಲ್ಲಿ ಸಾಮರ್ಥ್ಯದ ಮಿತಿಯನ್ನು ಆರಂಭದಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳುವ ಮುಂದುವರಿದ ಯೋಜನೆ ಮತ್ತು ವೇಳಾಪಟ್ಟಿ ತಂತ್ರಾಂಶಗಳು, ಅಂದರೆ ಎಪಿಎಸ್, ಪ್ರತ್ಯೇಕ ವರ್ಗವಾಗಿ ಬೆಳೆದವು.

ಮೂಲ ದತ್ತಾಂಶ

ಎಲ್ಲ ಬಗೆಯ ಯೋಜನಾ ತಂತ್ರಾಂಶಗಳೂ ಕೆಲವು ಮೂಲ ಕಡತಗಳನ್ನು ಅವಲಂಬಿಸಿವೆ.

ಸಾಮಗ್ರಿ ಪಟ್ಟಿ: ಒಂದು ಸಿದ್ಧವಸ್ತುವಿಗೆ ಬೇಕಾದ ಬಿಡಿಭಾಗಗಳು, ಆ ಬಿಡಿಭಾಗಗಳಿಗೆ ಬೇಕಾದ ಕಚ್ಚಾವಸ್ತುಗಳು ಮತ್ತು ಅವುಗಳ ಪ್ರಮಾಣ. ಇದು ಹಂತಹಂತವಾಗಿ ಕವಲೊಡೆಯುವ ಮರದ ರೂಪದಲ್ಲಿರುತ್ತದೆ.

ಕಾರ್ಯಮಾರ್ಗ: ವಸ್ತುವು ಹಾದುಹೋಗಬೇಕಾದ ಯಂತ್ರಗಳ ಕ್ರಮ, ಪ್ರತಿ ಹಂತದ ಸಿದ್ಧತಾ ಸಮಯ ಮತ್ತು ಪ್ರತಿ ನಗಕ್ಕೆ ಹಿಡಿಯುವ ಸಮಯ.

ಕಾರ್ಯಕೇಂದ್ರ ಮತ್ತು ಕಾರ್ಯದಿನಗಳ ಪಟ್ಟಿ: ಯಂತ್ರಗಳ ಸಂಖ್ಯೆ, ಪಾಳಿಗಳು, ವಾರದ ರಜೆ, ಹಬ್ಬದ ರಜೆ ಮತ್ತು ದುರಸ್ತಿಗಾಗಿ ಮೀಸಲಿಟ್ಟ ಅವಧಿ.

ದಾಸ್ತಾನು ದಾಖಲೆ: ಉಗ್ರಾಣದಲ್ಲಿರುವ ಸರಕು, ಈಗಾಗಲೇ ಖರೀದಿಗೆ ಆದೇಶ ನೀಡಿರುವ ಸರಕು ಮತ್ತು ಬೇರೆ ಕೆಲಸಕ್ಕೆ ಮೀಸಲಾದ ಸರಕು.

ಪೂರೈಕೆ ಅವಧಿ: ಆದೇಶ ನೀಡಿದ ದಿನದಿಂದ ವಸ್ತು ಕೈಸೇರುವವರೆಗಿನ ಕಾಲ.

ಸಾಮಗ್ರಿ ಅಗತ್ಯದ ಲೆಕ್ಕಾಚಾರ

ಎಂಆರ್‌ಪಿ ಪದ್ಧತಿಯ ಲೆಕ್ಕವನ್ನು ಸೈಕಲ್ ಕಾರ್ಖಾನೆಯೊಂದರ ಉದಾಹರಣೆಯಿಂದ ತಿಳಿಯಬಹುದು. 8ನೇ ವಾರದ ಆರಂಭಕ್ಕೆ 100 ಸೈಕಲ್‌ಗಳನ್ನು ಪೂರೈಸಬೇಕಾಗಿದೆ ಎಂದುಕೊಳ್ಳೋಣ. ಪ್ರತಿ ಸೈಕಲ್‌ಗೆ 2 ಚಕ್ರಗಳು, ಪ್ರತಿ ಚಕ್ರಕ್ಕೆ 36 ಕಡ್ಡಿಗಳು ಬೇಕು. ಉಗ್ರಾಣದಲ್ಲಿ 20 ಸಿದ್ಧ ಸೈಕಲ್‌ಗಳು, 50 ಚಕ್ರಗಳು ಮತ್ತು 1,000 ಕಡ್ಡಿಗಳಿವೆ. ಸೈಕಲ್ ಜೋಡಣೆಗೆ 1 ವಾರ, ಚಕ್ರ ತಯಾರಿಕೆಗೆ 1 ವಾರ, ಕಡ್ಡಿಗಳ ಪೂರೈಕೆಗೆ 2 ವಾರ ಹಿಡಿಯುತ್ತದೆ.

ದಾಸ್ತಾನು ಕಳೆದರೆ ಜೋಡಿಸಬೇಕಾದ ಸೈಕಲ್‌ಗಳು 80. ಅವುಗಳಿಗೆ 160 ಚಕ್ರಗಳು ಬೇಕು. 50 ಇರುವುದರಿಂದ 110 ಚಕ್ರಗಳನ್ನು ತಯಾರಿಸಬೇಕು. ಅದಕ್ಕೆ 3,960 ಕಡ್ಡಿಗಳು ಬೇಕು. 1,000 ಇರುವುದರಿಂದ 2,960 ಕಡ್ಡಿಗಳನ್ನು ಕೊಳ್ಳಬೇಕು. ಕಾಲವನ್ನು ಹಿಂದಕ್ಕೆ ಎಣಿಸಿದರೆ ಸೈಕಲ್ ಜೋಡಣೆ 7ನೇ ವಾರದಲ್ಲಿ, ಚಕ್ರ ತಯಾರಿಕೆ 6ನೇ ವಾರದಲ್ಲಿ ಆರಂಭವಾಗಬೇಕು ಮತ್ತು ಕಡ್ಡಿಗಳ ಖರೀದಿ ಆದೇಶ 4ನೇ ವಾರದ ಆರಂಭದಲ್ಲೇ ಹೊರಡಬೇಕು. ಸಾವಿರಾರು ಬಿಡಿಭಾಗಗಳಿರುವ ವಾಹನ ಅಥವಾ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಇದೇ ಲೆಕ್ಕವನ್ನು ಪ್ರತಿ ಭಾಗಕ್ಕೂ ಮಾಡಬೇಕಾಗುತ್ತದೆ. ಕೈಬರಹದಲ್ಲಿ ಇದು ಅಸಾಧ್ಯವೆನಿಸುವಷ್ಟು ದೀರ್ಘವಾಗುವುದರಿಂದ ಗಣಕದ ಬಳಕೆ ಮೊದಲು ಈ ಭಾಗದಲ್ಲೇ ಬೇರೂರಿತು.

ದಾಖಲೆಯ ದೋಷ ಹೇಗೆ ಹರಡುತ್ತದೆ ಎಂಬುದನ್ನೂ ಇದೇ ಉದಾಹರಣೆ ತೋರಿಸುತ್ತದೆ. ಉಗ್ರಾಣದಲ್ಲಿ ವಾಸ್ತವವಾಗಿ ಇರುವುದು 1,000 ಅಲ್ಲ, 600 ಕಡ್ಡಿಗಳು ಎಂದಾದರೆ, ಹೊಸದಾಗಿ ಬಂದ 2,960 ಸೇರಿ ಒಟ್ಟು 3,560 ಕಡ್ಡಿಗಳಾಗುತ್ತವೆ. ಅವುಗಳಿಂದ 98 ಚಕ್ರಗಳನ್ನಷ್ಟೇ ಪೂರ್ಣಗೊಳಿಸಬಹುದು. ಹಳೆಯ 50 ಚಕ್ರಗಳು ಸೇರಿದರೆ 148, ಅಂದರೆ 74 ಸೈಕಲ್‌ಗಳು. ಕೊನೆಗೆ 6 ಸೈಕಲ್‌ಗಳು ನಿಗದಿತ ದಿನಕ್ಕೆ ಸಿದ್ಧವಾಗುವುದಿಲ್ಲ. ಕೊರತೆ ಬೆಳಕಿಗೆ ಬರುವುದು ಚಕ್ರ ಕಟ್ಟುವ 6ನೇ ವಾರದಲ್ಲಿ. ಆಗ ಹೊಸ ಆದೇಶ ನೀಡಿದರೂ ಕಡ್ಡಿಗಳು ಬರಲು 2 ವಾರ ಬೇಕು.

ಸಾಮರ್ಥ್ಯ: ಅಪರಿಮಿತ ಮತ್ತು ಪರಿಮಿತ

ಮೇಲಿನ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ. ಚಕ್ರ ತಯಾರಿಕೆಗೆ 1 ವಾರ ಎಂಬುದು 11 ಚಕ್ರಗಳಿಗೂ, 110 ಚಕ್ರಗಳಿಗೂ, ಬೇರೆ ಆದೇಶಗಳು ಅದೇ ಯಂತ್ರದ ಮುಂದೆ ಕಾದಿರುವಾಗಲೂ ಒಂದೇ ಆಗಿರುತ್ತದೆ ಎಂದು ಎಂಆರ್‌ಪಿ ಭಾವಿಸುತ್ತದೆ. ಯಂತ್ರದ ಸಾಮರ್ಥ್ಯಕ್ಕೆ ಮಿತಿಯೇ ಇಲ್ಲವೆಂಬ ಈ ಊಹೆಯನ್ನು ಅಪರಿಮಿತ ಸಾಮರ್ಥ್ಯದ ಯೋಜನೆ ಎನ್ನಲಾಗುತ್ತದೆ. ಇದರ ಫಲವಾಗಿ ವಾರಕ್ಕೆ 48 ಗಂಟೆ ದುಡಿಯಬಲ್ಲ ಯಂತ್ರಕ್ಕೆ 70 ಗಂಟೆಗಳ ಕೆಲಸ ನಿಗದಿಯಾಗಬಹುದು.

ವಾಸ್ತವದಲ್ಲಿ ಕೆಲಸವೊಂದು ಕಾರ್ಖಾನೆಯಲ್ಲಿ ಕಳೆಯುವ ಕಾಲದ ದೊಡ್ಡ ಭಾಗ ಕಾಯುವಿಕೆಯೇ ಆಗಿರಬಹುದು. ಸರತಿ ಸಿದ್ಧಾಂತದ ಸರಳ ಮಾದರಿಯ ಪ್ರಕಾರ, ಕೆಲಸಗಳು ಯಾದೃಚ್ಛಿಕವಾಗಿ ಬರುವ ಮತ್ತು ಅವುಗಳ ಅವಧಿಯೂ ಯಾದೃಚ್ಛಿಕವಾಗಿರುವ ಯಂತ್ರವೊಂದು ಶೇ. 80ರಷ್ಟು ಕಾಲ ದುಡಿಯುತ್ತಿದ್ದರೆ, ಸರಾಸರಿ ಕಾಯುವಿಕೆಯು ಒಂದು ಕೆಲಸದ ಸರಾಸರಿ ಅವಧಿಯ 4 ಪಟ್ಟು. ಅದು ಶೇ. 90ಕ್ಕೆ ಏರಿದರೆ ಕಾಯುವಿಕೆ 9 ಪಟ್ಟು, ಶೇ. 95ಕ್ಕೆ ಏರಿದರೆ 19 ಪಟ್ಟು ಆಗುತ್ತದೆ. ಆದ್ದರಿಂದ ಎಲ್ಲ ಯಂತ್ರಗಳನ್ನೂ ಸದಾ ತುಂಬಿ ದುಡಿಸುವ ಯೋಜನೆಯು ಲೆಕ್ಕದಲ್ಲಿ ದಕ್ಷವಾಗಿ ಕಂಡರೂ ಪೂರೈಕೆಯನ್ನು ವಿಳಂಬಗೊಳಿಸುತ್ತದೆ.

ಇದರಿಂದ ಒಂದು ವಿಷವರ್ತುಲವೂ ಹುಟ್ಟುತ್ತದೆ. ಪೂರೈಕೆ ತಡವಾಗುತ್ತಿದೆ ಎಂದು ತಂತ್ರಾಂಶದಲ್ಲಿ ಪೂರೈಕೆ ಅವಧಿಯನ್ನು ಹೆಚ್ಚಿಸಿದರೆ, ಅದು ಆದೇಶಗಳನ್ನು ಇನ್ನೂ ಮೊದಲೇ ಕಾರ್ಖಾನೆಗೆ ಬಿಡುಗಡೆ ಮಾಡುತ್ತದೆ. ಯಂತ್ರಗಳ ಮುಂದಿನ ಸರತಿ ಬೆಳೆಯುತ್ತದೆ, ವಿಳಂಬ ಹೆಚ್ಚುತ್ತದೆ, ಅವಧಿಯನ್ನು ಮತ್ತೆ ಹೆಚ್ಚಿಸಬೇಕಾಗುತ್ತದೆ. ಪರಿಮಿತ ಸಾಮರ್ಥ್ಯದ ವೇಳಾಪಟ್ಟಿ ತಂತ್ರಾಂಶಗಳು ಯಂತ್ರ ಖಾಲಿ ಇರುವ ಹೊತ್ತನ್ನು ನೋಡಿಯೇ ಕೆಲಸವನ್ನು ಹೊಂದಿಸುವುದರಿಂದ ಈ ದೋಷವನ್ನು ತಗ್ಗಿಸುತ್ತವೆ. ಹೊಂದಿಸುವ ಕ್ರಮದಲ್ಲಿ ಎರಡು ಬಗೆಗಳಿವೆ. ಇಂದಿನಿಂದ ಆರಂಭಿಸಿ ಆದಷ್ಟು ಬೇಗ ಮುಗಿಸುವುದು ಮುನ್ನಡೆಯ ವೇಳಾಪಟ್ಟಿ. ಪೂರೈಕೆ ದಿನದಿಂದ ಹಿಂದಕ್ಕೆ ಎಣಿಸುವುದು ಹಿನ್ನಡೆಯ ವೇಳಾಪಟ್ಟಿ. ಎರಡನೆಯದರಲ್ಲಿ ದಾಸ್ತಾನು ಕಡಿಮೆ, ಆದರೆ ಅಡ್ಡಿ ಎದುರಾದರೆ ಬಿಡುವಿನ ಕಾಲ ಉಳಿದಿರುವುದಿಲ್ಲ.

ವೇಳಾಪಟ್ಟಿ ನಿಗದಿಯ ವಿಧಾನಗಳು

ಆದ್ಯತಾ ನಿಯಮಗಳು

ಸರತಿಯಲ್ಲಿರುವ ಕೆಲಸಗಳ ಪೈಕಿ ಮುಂದಿನದನ್ನು ಆರಿಸಲು ಸರಳ ನಿಯಮಗಳಿವೆ. ಒಂದೇ ಯಂತ್ರದ ಮೇಲೆ ಕಡಿಮೆ ಅವಧಿಯ ಕೆಲಸವನ್ನು ಮೊದಲು ಮಾಡಿದರೆ ಕೆಲಸಗಳು ಮುಗಿಯುವ ಸರಾಸರಿ ಕಾಲ ಕನಿಷ್ಠವಾಗುತ್ತದೆ. ಪೂರೈಕೆ ದಿನ ಹತ್ತಿರವಿರುವ ಕೆಲಸವನ್ನು ಮೊದಲು ಮಾಡಿದರೆ ಗರಿಷ್ಠ ವಿಳಂಬ ಕನಿಷ್ಠವಾಗುತ್ತದೆ, ಇದನ್ನು ಜೆ. ಆರ್. ಜಾಕ್ಸನ್ 1955ರಲ್ಲಿ ತೋರಿಸಿದರು. ಎರಡೂ ಗುರಿಗಳನ್ನು ಏಕಕಾಲದಲ್ಲಿ ಸಾಧಿಸುವುದು ಎಲ್ಲ ಸಂದರ್ಭಗಳಲ್ಲೂ ಸಾಧ್ಯವಿಲ್ಲ. ಹೀಗಾಗಿ ಯಾವ ಗುರಿಗೆ ಮಹತ್ವ ನೀಡಬೇಕೆಂಬುದನ್ನು ಸಂಸ್ಥೆಯೇ ನಿರ್ಧರಿಸಬೇಕಾಗುತ್ತದೆ.

ಜಾನ್ಸನ್ ನಿಯಮ

ಎಲ್ಲ ಕೆಲಸಗಳೂ ಒಂದೇ ಕ್ರಮದಲ್ಲಿ ಎರಡು ಯಂತ್ರಗಳನ್ನು ಹಾದುಹೋಗುವ ಸಂದರ್ಭಕ್ಕೆ ಎಸ್. ಎಂ. ಜಾನ್ಸನ್ 1954ರಲ್ಲಿ ನಿಖರವಾದ ನಿಯಮವನ್ನು ನೀಡಿದರು. ಒಂದು ಮುದ್ರಣಾಲಯಕ್ಕೆ ನಾಲ್ಕು ಪುಸ್ತಕಗಳು ಬಂದಿವೆ ಎಂದುಕೊಳ್ಳೋಣ. ಮೊದಲು ಮುದ್ರಣ, ನಂತರ ಬೈಂಡಿಂಗ್ ಆಗಬೇಕು.

ಪುಸ್ತಕ ಅ: ಮುದ್ರಣ 7 ಗಂಟೆ, ಬೈಂಡಿಂಗ್ 2 ಗಂಟೆ
ಪುಸ್ತಕ ಆ: ಮುದ್ರಣ 6 ಗಂಟೆ, ಬೈಂಡಿಂಗ್ 3 ಗಂಟೆ
ಪುಸ್ತಕ ಇ: ಮುದ್ರಣ 4 ಗಂಟೆ, ಬೈಂಡಿಂಗ್ 8 ಗಂಟೆ
ಪುಸ್ತಕ ಈ: ಮುದ್ರಣ 2 ಗಂಟೆ, ಬೈಂಡಿಂಗ್ 5 ಗಂಟೆ

ಬಂದ ಕ್ರಮದಲ್ಲೇ, ಅಂದರೆ ಅ, ಆ, ಇ, ಈ ಎಂದು ಮಾಡಿದರೆ ಎಲ್ಲ ಕೆಲಸ ಮುಗಿಯಲು 30 ಗಂಟೆ ಬೇಕು. ಅದರಲ್ಲಿ ಬೈಂಡಿಂಗ್ ವಿಭಾಗ 12 ಗಂಟೆ ಸುಮ್ಮನಿರುತ್ತದೆ. ಜಾನ್ಸನ್ ನಿಯಮದಂತೆ ಎಲ್ಲ ಅವಧಿಗಳಲ್ಲಿ ಕನಿಷ್ಠವಾದುದನ್ನು ಹುಡುಕಬೇಕು. ಅದು ಮೊದಲ ಹಂತಕ್ಕೆ ಸೇರಿದ್ದರೆ ಆ ಕೆಲಸವನ್ನು ಸಾಧ್ಯವಾದಷ್ಟು ಮೊದಲಿಗೂ, ಎರಡನೇ ಹಂತಕ್ಕೆ ಸೇರಿದ್ದರೆ ಸಾಧ್ಯವಾದಷ್ಟು ಕೊನೆಗೂ ಇಡಬೇಕು. ಉಳಿದವುಗಳಿಗೂ ಇದನ್ನೇ ಮುಂದುವರಿಸಬೇಕು. ಇಲ್ಲಿ ದೊರೆಯುವ ಕ್ರಮ ಈ, ಇ, ಆ, ಅ. ಆಗ ಎಲ್ಲವೂ 21 ಗಂಟೆಗಳಲ್ಲಿ ಮುಗಿಯುತ್ತದೆ. ಮುದ್ರಣಕ್ಕೇ ಒಟ್ಟು 19 ಗಂಟೆ ಬೇಕಿದ್ದು, ಕೊನೆಯ ಪುಸ್ತಕದ ಬೈಂಡಿಂಗ್‌ಗೆ ಕನಿಷ್ಠ 2 ಗಂಟೆ ಹಿಡಿಯುವುದರಿಂದ ಇದಕ್ಕಿಂತ ಬೇಗ ಮುಗಿಸುವುದು ಸಾಧ್ಯವೇ ಇಲ್ಲ. ಹೊಸ ಯಂತ್ರವಾಗಲಿ, ಹೆಚ್ಚುವರಿ ಕೆಲಸಗಾರನಾಗಲಿ ಇಲ್ಲದೆ, ಸರದಿಯನ್ನು ಬದಲಿಸಿದ ಮಾತ್ರಕ್ಕೆ 9 ಗಂಟೆ ಉಳಿಯುತ್ತದೆ.

ಗಣನಾತ್ಮಕ ಸಂಕೀರ್ಣತೆ

ಯಂತ್ರಗಳು ಮೂರಾದ ಕೂಡಲೇ ಇಷ್ಟು ಸುಲಭವಾದ ನಿಯಮ ಸಾಮಾನ್ಯ ಸಂದರ್ಭಕ್ಕೆ ದೊರೆಯುವುದಿಲ್ಲ. ನಾಲ್ಕು ಕೆಲಸಗಳನ್ನು 24 ಕ್ರಮಗಳಲ್ಲಿ ಜೋಡಿಸಬಹುದು. 10 ಕೆಲಸಗಳಿಗೆ 36,28,800 ಕ್ರಮಗಳಿವೆ. 20 ಕೆಲಸಗಳಿಗೆ ಈ ಸಂಖ್ಯೆ 19 ಅಂಕಿಗಳಷ್ಟು ಉದ್ದವಾಗುತ್ತದೆ. ಮೂರು ಯಂತ್ರಗಳ ಸರಣಿ ಉತ್ಪಾದನೆಯ ಸಮಸ್ಯೆಯು ಎನ್‌ಪಿ-ಕಠಿಣ ವರ್ಗಕ್ಕೆ ಸೇರುತ್ತದೆ ಎಂದು ಮೈಕೆಲ್ ಗ್ಯಾರಿ, ಡೇವಿಡ್ ಜಾನ್ಸನ್ ಮತ್ತು ರವಿ ಸೇಠಿ 1976ರಲ್ಲಿ ಸಾಧಿಸಿದರು.

1963ರಲ್ಲಿ ಫಿಶರ್ ಮತ್ತು ಥಾಂಪ್ಸನ್ ಪ್ರಕಟಿಸಿದ, 10 ಕೆಲಸಗಳು ಮತ್ತು 10 ಯಂತ್ರಗಳ ಸಮಸ್ಯೆಯೊಂದು ಈ ಕಷ್ಟಕ್ಕೆ ಪ್ರಸಿದ್ಧ ನಿದರ್ಶನ. ಅದರ ಅತ್ಯುತ್ತಮ ಉತ್ತರ 930 ಕಾಲಮಾನಗಳು ಎಂಬುದನ್ನು ಫ್ರಾನ್ಸಿನ ಕಾರ್ಲಿಯೇ ಮತ್ತು ಪ್ಯಾನ್ಸೋಂ 1989ರಲ್ಲಿ, ಅಂದರೆ 26 ವರ್ಷಗಳ ನಂತರ, ಸಾಧಿಸಿ ತೋರಿಸಿದರು. ನೂರಾರು ಯಂತ್ರಗಳಿರುವ ನಿಜವಾದ ಕಾರ್ಖಾನೆಯಲ್ಲಿ ಅತ್ಯುತ್ತಮ ಉತ್ತರಕ್ಕಾಗಿ ಕಾಯುವುದಕ್ಕಿಂತ ಕೆಲವು ನಿಮಿಷಗಳಲ್ಲಿ ಸಿಗುವ ಉತ್ತಮ ಉತ್ತರವೇ ಉಪಯುಕ್ತ. ಆದ್ದರಿಂದ ಎಪಿಎಸ್ ತಂತ್ರಾಂಶಗಳು ಪೂರ್ಣಾಂಕ ಪ್ರೋಗ್ರಾಮಿಂಗ್ ಮತ್ತು ನಿರ್ಬಂಧ ಪ್ರೋಗ್ರಾಮಿಂಗ್ ಜೊತೆಗೆ, ಅನುವಂಶಿಕ ಅಲ್ಗಾರಿದಮ್‌ನಂತಹ ಅಂದಾಜು ವಿಧಾನಗಳನ್ನೂ ಬಳಸುತ್ತವೆ.

ಸಿದ್ಧತಾ ಸಮಯವು ಸರದಿಯನ್ನೇ ಅವಲಂಬಿಸಿರುವುದು ಇನ್ನೊಂದು ತೊಡಕು. ಬಣ್ಣದ ಕಾರ್ಖಾನೆಯಲ್ಲಿ ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗುವಾಗ ತೊಟ್ಟಿಯನ್ನು ತೊಳೆಯುವ ಕೆಲಸ ಕಡಿಮೆ. ಗಾಢ ಬಣ್ಣದಿಂದ ತಿಳಿ ಬಣ್ಣಕ್ಕೆ ಬರುವಾಗ ಹೆಚ್ಚು.

ಎಳೆತದ ಪದ್ಧತಿಗಳು

ಕೇಂದ್ರೀಕೃತ ಲೆಕ್ಕಾಚಾರಕ್ಕೆ ಪರ್ಯಾಯವಾಗಿ ಜಪಾನಿನ ಟೊಯೋಟಾ ಸಂಸ್ಥೆಯಲ್ಲಿ ತಾಯಿಚಿ ಓನೊ ಅವರ ನೇತೃತ್ವದಲ್ಲಿ ಕಾನ್‌ಬಾನ್ ಪದ್ಧತಿ ಬೆಳೆಯಿತು. ಇದರಲ್ಲಿ ಮುಂದಿನ ವಿಭಾಗವು ಭಾಗಗಳನ್ನು ಬಳಸಿದ ನಂತರ ಕಾರ್ಡಿನ ಮೂಲಕ ಹಿಂದಿನ ವಿಭಾಗಕ್ಕೆ ಸೂಚನೆ ಹೋಗುತ್ತದೆ. ಸೂಚನೆ ಬರುವವರೆಗೆ ಹಿಂದಿನ ವಿಭಾಗ ತಯಾರಿಸುವುದಿಲ್ಲ. ಬೇಡಿಕೆ ಸಮವಾಗಿರುವ ಕಡೆ ಇದು ಹೆಚ್ಚು ಫಲಕಾರಿ.

ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ಇನ್ನೊಂದು ದಾರಿಯನ್ನು ಸೂಚಿಸಿದರು. 1984ರಲ್ಲಿ ಪ್ರಕಟವಾದ 'ದಿ ಗೋಲ್' ಕಾದಂಬರಿಯ ಮೂಲಕ ಅವರ ವಿಚಾರಗಳು ಜನಪ್ರಿಯವಾದವು. ಇಡೀ ಕಾರ್ಖಾನೆಯ ಉತ್ಪಾದನೆಯನ್ನು ಅದರ ಅತಿ ನಿಧಾನದ ಹಂತ ನಿರ್ಧರಿಸುವುದರಿಂದ, ವಿವರವಾದ ವೇಳಾಪಟ್ಟಿಯನ್ನು ಆ ಹಂತಕ್ಕೆ ಮಾತ್ರ ರೂಪಿಸಿ, ಅದರ ಮುಂದೆ ಕೆಲಸ ಬರಿದಾಗದಂತೆ ಸ್ವಲ್ಪ ದಾಸ್ತಾನು ಇಟ್ಟು, ಅದರ ವೇಗಕ್ಕೆ ಅನುಗುಣವಾಗಿ ಕಚ್ಚಾವಸ್ತುವನ್ನು ಒಳಬಿಡಬೇಕೆಂಬುದು ಅವರ ಸಿದ್ಧಾಂತದ ಸಾರ. ಅನೇಕ ಆಧುನಿಕ ತಂತ್ರಾಂಶಗಳು ಈ ಎರಡೂ ಪದ್ಧತಿಗಳಿಗೆ ಅವಕಾಶ ಕಲ್ಪಿಸುತ್ತವೆ.

ಭಾರತದಲ್ಲಿ

ಸ್ಯಾಪ್ ಸಂಸ್ಥೆಯ ಭಾರತೀಯ ಅಭಿವೃದ್ಧಿ ಕೇಂದ್ರವು 1998ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಎಪಿಎಸ್ ಕ್ಷೇತ್ರದ ಆರಂಭಿಕ ಸಂಸ್ಥೆಗಳಲ್ಲಿ ಒಂದಾದ ಐ2 ಟೆಕ್ನಾಲಜೀಸ್ ಅನ್ನು ಭಾರತೀಯ ಮೂಲದ ಸಂಜೀವ್ ಸಿಧು ಮತ್ತು ಕೆನ್ ಶರ್ಮಾ 1988ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದರು. ಇದು ಬೆಂಗಳೂರಿನಲ್ಲೂ ಅಭಿವೃದ್ಧಿ ಕೇಂದ್ರವನ್ನು ಹೊಂದಿತ್ತು. 2010ರಲ್ಲಿ ಈ ಸಂಸ್ಥೆ ಜೆಡಿಎ ಸಾಫ್ಟ್‌ವೇರ್‌ನಲ್ಲಿ ವಿಲೀನವಾಯಿತು. ಮುಂಬೈ ಮೂಲದ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶವಾಗಿದ್ದು, ಸಾಮಗ್ರಿ ಪಟ್ಟಿ ಮತ್ತು ಉತ್ಪಾದನಾ ಯೋಜನೆಯ ಸೌಲಭ್ಯಗಳನ್ನು ಹೊಂದಿದೆ. ಇತರ ದೇಶಗಳಲ್ಲಿ ಬೆಳೆದ ಓಡೂ ಮತ್ತು ಫ್ರೆಪಲ್ ತಂತ್ರಾಂಶಗಳ ಮುಕ್ತ ಆವೃತ್ತಿಗಳೂ ಲಭ್ಯವಿವೆ.

ದೊಡ್ಡ ಸಂಸ್ಥೆಗಳಿಂದ ಗುತ್ತಿಗೆ ಕೆಲಸ ಪಡೆಯುವ ಸಣ್ಣ ಘಟಕಗಳಲ್ಲಿ ಯೋಜನೆಯು ಸ್ಪ್ರೆಡ್‌ಶೀಟ್, ಕಪ್ಪುಹಲಗೆ ಅಥವಾ ಮೇಲ್ವಿಚಾರಕನ ನೆನಪನ್ನು ಅವಲಂಬಿಸಿರುವುದು ಸಾಮಾನ್ಯ. ಯಂತ್ರಗಳು ಕೆಲವೇ ಇದ್ದಾಗ ಇದು ಸಾಕಾಗುತ್ತದೆ. ಆದರೆ ಆ ವ್ಯಕ್ತಿ ಕೆಲಸ ಬಿಟ್ಟರೆ ಅಥವಾ ಆದೇಶಗಳು ಏಕಾಏಕಿ ಹೆಚ್ಚಿದರೆ ಬರವಣಿಗೆಯಲ್ಲಿಲ್ಲದ ಮಾಹಿತಿಯ ಕೊರತೆ ಎದ್ದು ಕಾಣುತ್ತದೆ.

ಮಿತಿಗಳು ಮತ್ತು ವೈಫಲ್ಯಗಳು

ಅಮೆರಿಕದ ಚಾಕೊಲೇಟ್ ತಯಾರಕ ಹರ್ಷೀಸ್ ಸಂಸ್ಥೆಯ ಪ್ರಕರಣವನ್ನು ನಿರ್ವಹಣಾ ಶಾಸ್ತ್ರದಲ್ಲಿ ಆಗಾಗ್ಗೆ ಉದಾಹರಿಸಲಾಗುತ್ತದೆ. 1999ರಲ್ಲಿ ಸಂಸ್ಥೆಯು ಇಆರ್‌ಪಿ, ಪೂರೈಕೆ ಯೋಜನೆ ಮತ್ತು ಗ್ರಾಹಕ ನಿರ್ವಹಣೆಯ ಹೊಸ ತಂತ್ರಾಂಶಗಳನ್ನು ಒಟ್ಟಿಗೆ ಜಾರಿಗೊಳಿಸಿತು. ಅದು ಹ್ಯಾಲೋವೀನ್ ಹಬ್ಬಕ್ಕೆ ಆದೇಶಗಳು ಏರುವ ಕಾಲವಾಗಿತ್ತು. ಸರಕು ಕೈಯಲ್ಲಿದ್ದರೂ ಸುಮಾರು 10 ಕೋಟಿ ಡಾಲರ್ ಮೌಲ್ಯದ ಆದೇಶಗಳು ಸಕಾಲದಲ್ಲಿ ಪೂರೈಕೆಯಾಗಲಿಲ್ಲ. ಬೇಡಿಕೆ ಕಡಿಮೆಯಿರುವ ಋತುವಿನಲ್ಲಿ, ಹಂತಹಂತವಾಗಿ ಬದಲಾವಣೆ ತರಬೇಕೆಂಬುದು ಇದರಿಂದ ಸಾಮಾನ್ಯವಾಗಿ ಕಲಿಯಲಾಗುವ ಪಾಠ.

ಯೋಜನೆಯ ಚಂಚಲತೆ ಮತ್ತೊಂದು ಸಮಸ್ಯೆ. ಒಂದು ಆದೇಶದ ಸಣ್ಣ ಬದಲಾವಣೆಯಿಂದ ತಂತ್ರಾಂಶವು ಇಡೀ ವೇಳಾಪಟ್ಟಿಯನ್ನು ಮರುರಚಿಸಿದರೆ ನಿನ್ನೆ ಸಿದ್ಧಪಡಿಸಿದ ಯಂತ್ರವನ್ನು ಇಂದು ಬಿಚ್ಚಬೇಕಾಗುತ್ತದೆ. ಇದನ್ನು ತಡೆಯಲು ಮುಂದಿನ ಕೆಲವು ದಿನಗಳ ಸರದಿಯನ್ನು ಬದಲಿಸದೆ ಕಾಯ್ದಿರಿಸುವ ಸ್ಥಿರಾವಧಿಯನ್ನು ನಿಗದಿಪಡಿಸಲಾಗುತ್ತದೆ. ಯಂತ್ರಗಳಿಂದ ನೇರವಾಗಿ ಮಾಹಿತಿ ಸಂಗ್ರಹಿಸುವ ಉತ್ಪಾದನಾ ನಿರ್ವಹಣಾ ವ್ಯವಸ್ಥೆಗಳು, ಅಂದರೆ ಎಂಇಎಸ್, ಯಂತ್ರ ಕೆಟ್ಟ ಸುದ್ದಿಯನ್ನು ಬೇಗ ತಲುಪಿಸುತ್ತವೆ. ಆದರೂ ಉಗ್ರಾಣದ ಎಣಿಕೆ, ತಿರಸ್ಕೃತ ಸರಕಿನ ದಾಖಲೆ ಮತ್ತು ಕಾರ್ಯಾವಧಿಗಳ ಪರಿಷ್ಕರಣೆ ಸಿಬ್ಬಂದಿಯ ಶಿಸ್ತನ್ನೇ ಅವಲಂಬಿಸಿವೆ.

ಯಾವ ಕಾರ್ಮಿಕ ಯಾವ ಯಂತ್ರದಲ್ಲಿ ಪಳಗಿದವನು, ಯಾವ ಪೂರೈಕೆದಾರ ಹೇಳಿದ ದಿನಕ್ಕೆ ಸರಕು ಕಳುಹಿಸುವುದಿಲ್ಲ, ಯಾವ ಅಚ್ಚು ಮಳೆಗಾಲದಲ್ಲಿ ತೊಂದರೆ ಕೊಡುತ್ತದೆ ಎಂಬಂತಹ ವಿವರಗಳು ಕಡತಗಳಲ್ಲಿ ಇಲ್ಲದಿರಬಹುದು. ಇವುಗಳನ್ನು ಬಲ್ಲ ಯೋಜಕನು ಗಣಕದ ಸರದಿಯನ್ನು ಪರಿಶೀಲಿಸಿ ತಿದ್ದಲು ಅವಕಾಶವಿರುವ ತಂತ್ರಾಂಶಗಳು ಕಾರ್ಖಾನೆಯಲ್ಲಿ ಹೆಚ್ಚು ಸ್ವೀಕಾರಾರ್ಹವಾಗುತ್ತವೆ. ಹಾಗೆ ತಿದ್ದಿದ ಕಾರಣವನ್ನು ದಾಖಲಿಸಿ ಮೂಲ ದತ್ತಾಂಶದಲ್ಲಿ ಸೇರಿಸಿದರೆ ಮುಂದಿನ ವೇಳಾಪಟ್ಟಿಯು ವಾಸ್ತವಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ.